ಡಬ್ಬಿ ಹಿಡಿದು ಹೋದ ನಾವು ಕಲಿತದ್ದು

(ದಕ್ಷಿಣ ಬೆಂಗಳೂರಿನ ವಿದ್ಯಾರ್ಥಿನಿಲಯಗಳ ಗೆಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾವು ಇಲ್ಲಿ ಭಾಷಣ ಬಿಗಿಯಲು ಬಂದಿಲ್ಲ. ಲೆಕ್ಕ ಒಪ್ಪಿಸಲು ಬಂದಿದ್ದೇವೆ. ನೀವು ಕೊಟ್ಟ ಹತ್ತು, ಇಪ್ಪತ್ತು, ಐವತ್ತು ರೂಪಾಯಿಗಳ ಲೆಕ್ಕ. ದುಡ್ಡಿನಲ್ಲಿ ಬರೆಯಲಾಗದ ಇನ್ನೊಂದು ಲೆಕ್ಕವೂ ಇದೆ. ಅದನ್ನೂ ಒಪ್ಪಿಸಿಯೇ ಕೂರುತ್ತೇವೆ.

ನಮ್ಮ ಆ ಗೆಳೆಯನ ಹೆಸರನ್ನು ಇವತ್ತು ಹೇಳುವುದಿಲ್ಲ. ಯಾಕೆ ಅಂತ ಮಾತು ಮುಗಿಯುವ ಹೊತ್ತಿಗೆ ನಿಮಗೇ ಗೊತ್ತಾಗುತ್ತೆ. ವಯಸ್ಸು ಹತ್ತೊಂಬತ್ತು. ಚಾಮರಾಜನಗರ ಸೀಮೆಯ ಒಂದು ಕೇರಿಯವನು. ಅವರಪ್ಪ ಬೇರೆಯವರ ಹೊಲದಲ್ಲಿ ಅರಿಶಿನ ಕೀಳುವ ಕೂಲಿ, ಅವ್ವನೂ ಕೂಲಿ. ಆ ಮನೆಯಿಂದ ಪಿಯುಸಿ ದಾಟಿ ಬೆಂಗಳೂರಿಗೆ ಬಂದ ಮೊದಲನೆಯವನು. ಕಬಡ್ಡಿಗೆ ನಿಂತರೆ ಹಿಡಿಯೋದಕ್ಕೆ ನಾಲ್ಕು ಜನ ಬೇಕಿತ್ತು.

ಹೋದ ವರ್ಷ ಅವನ ಬಲಮಂಡಿಯ ಮೇಲುಭಾಗ ಊದಿಕೊಂಡಿತು. ರಾತ್ರಿಯಾದರೆ ನೋವು ಹೆಚ್ಚು. ಆಟ ಆಡುವಾಗ ಉಳುಕಿರಬೇಕು ಅಂದೆವು. ನಾವೇ ಅಯೋಡೆಕ್ಸ್ ತಿಕ್ಕಿದೆವು. ಅವನು ಆಟಕ್ಕೆ ಬರಲಿಲ್ಲ ಅಂದಾಗ 'ಸೋಮಾರಿ, ನಾಟಕ ಆಡ್ತಾನೆ' ಅಂತ ನಕ್ಕೆವು. ರಜೆಗೆ ಊರಿಗೆ ಹೋದಾಗ ಅಲ್ಲಿ ನಾಟಿ ಕಟ್ಟು ಕಟ್ಟಿಸಿದರು. ಎಣ್ಣೆ ಹಾಕಿ ನೀವಿದರು. ಹೀಗೆ ಎರಡು ತಿಂಗಳು ಹೋಯಿತು. ಕೊನೆಗೆ ಎಕ್ಸ್‌ರೇ ತೆಗೆಸಿದಾಗ ಡಾಕ್ಟರ ಮುಖ ಬಾಡಿತು. ಮೂಳೆಯ ಕ್ಯಾನ್ಸರು. ಇಂಗ್ಲಿಷಿನಲ್ಲಿ ಆಸ್ಟಿಯೋಸಾರ್ಕೋಮಾ ಅಂತಾರೆ.

ಇದು ಅಪರೂಪದ ಕ್ಯಾನ್ಸರು. ಆದರೆ ಬರೋದು ಯಾರಿಗೆ? ಬೀಡಿ ಸೇದಿದವರಿಗಲ್ಲ. ಹೆಚ್ಚಾಗಿ ಹತ್ತರಿಂದ ಇಪ್ಪತ್ತೈದರ ಒಳಗಿನವರಿಗೆ, ಮೂಳೆ ಬೆಳೆಯುವ ಪ್ರಾಯದಲ್ಲಿ. ಹೆಚ್ಚಾಗಿ ಬರೋದು ಮಂಡಿಯ ಸುತ್ತ. ಅಂದರೆ ಇದು ಹಾಸ್ಟೆಲ್ ವಯಸ್ಸಿನ ಕಾಯಿಲೆ, ನಮ್ಮ ನಿಮ್ಮ ವಯಸ್ಸಿನ ಕಾಯಿಲೆ. ಮೊದಲು ಕೆಲವು ವಾರ ಕೀಮೋಥೆರಪಿ, ಆಮೇಲೆ ಆಪರೇಷನ್, ಆಮೇಲೆ ಮತ್ತೆ ಕೀಮೋ. ಹೆಚ್ಚು ಕಡಿಮೆ ಏಳೆಂಟು ತಿಂಗಳ ದಾರಿ. 1970ರ ದಶಕದಲ್ಲಿ ಈ ಕೀಮೋ ಔಷಧಿಗಳು ಬರುವ ಮೊದಲು ಹತ್ತರಲ್ಲಿ ಇಬ್ಬರು ಉಳಿಯುವುದೂ ಕಷ್ಟವಿತ್ತು. ಇವತ್ತು ಬೇರೆ ಕಡೆ ಹರಡುವ ಮೊದಲೇ ಹಿಡಿದು ಪೂರ್ತಿ ಚಿಕಿತ್ಸೆ ಕೊಟ್ಟರೆ ಹತ್ತರಲ್ಲಿ ಆರೇಳು ಜನ ಉಳಿಯುತ್ತಾರೆ. ಅಂದರೆ ಈ ಕಾಯಿಲೆ ಈಗ ಹಣೆಬರಹ ಅಲ್ಲ. 'ಹರಡುವ ಮೊದಲೇ' ಅನ್ನೋ ಮಾತು ಮತ್ತು 'ಪೂರ್ತಿ' ಅನ್ನೋ ಮಾತು, ಇವೆರಡರ ನಡುವೆ ಬಡವರ ಮಕ್ಕಳು ಸಾಯುತ್ತಿದ್ದಾರೆ.

ಅವನ ಅಪ್ಪ ಅವ್ವ ಬೆಂಗಳೂರಿಗೆ ಓಡಿಬಂದರು. ಯಾರೋ ಹೇಳಿದರು ಅಂತ ಮೊದಲು ಒಂದು ಖಾಸಗಿ ಆಸ್ಪತ್ರೆಗೆ ಹೋದರು. ಒಂದೂವರೆ ಲಕ್ಷ ಅಡ್ವಾನ್ಸ್ ಕಟ್ಟಿ ಅಂದರು. ಅವರಪ್ಪ ಟವೆಲ್ಲಿನ ಗಂಟು ಬಿಚ್ಚಿ ಎಣಿಸಿದರು. ಹನ್ನೊಂದು ಸಾವಿರದ ಮುನ್ನೂರು ಇತ್ತು. ಕೌಂಟರಿನವನು ಗಾಜಿನ ಆ ಕಡೆಯಿಂದ ಮುಂದಿನವರನ್ನು ಕರೆದ.

ಆಗ ನಾವು ಡಬ್ಬಿ ಹಿಡಿದೆವು.

ನಮಗೆ ಬೇರೇನು ಗೊತ್ತಿತ್ತು? ನಾವು ಬಿ.ಎ. ಓದಿದವರು, ಪದ್ಯ ಬರೆಯುವವರು. ಅವನ ಫೋಟೋ ದೊಡ್ಡದು ಮಾಡಿಸಿದೆವು. ಮಂಡಿ ಊದಿದ ಫೋಟೋ. ಅದರ ಕೆಳಗೆ 'ಬಡ ವಿದ್ಯಾರ್ಥಿಯ ಪ್ರಾಣ ಉಳಿಸಿ' ಅಂತ ಬರೆದು, ಫೋನ್ ಪೇ ಚೀಟಿ ಅಂಟಿಸಿ, ಬೀದಿಗೆ ಇಳಿದೆವು.

ಜಯನಗರ 4ನೇ ಬ್ಲಾಕಿನ ಕಾಂಪ್ಲೆಕ್ಸಿನ ಮುಂದೆ ನಿಂತೆವು. ಬೀದಿಯಲ್ಲಿ ಹೂವು, ಬಳೆ ಮಾರುವವರು ತಾವಾಗಿಯೇ ಬಂದು ಹಾಕಿದರು. ಕಾರಿನಿಂದ ಇಳಿದ ಒಬ್ಬರು ಫೋಟೋ ನೋಡಿದರು, ಹಾಸ್ಟೆಲಿನ ಹೆಸರು ಓದಿದರು. 'ನಿಮಗೆ ಗೌರ್ಮೆಂಟು ಎಲ್ಲಾ ಫ್ರೀ ಕೊಡುತ್ತಲ್ಲಪ್ಪ, ಮತ್ಯಾಕೆ ಬೀದಿಗೆ ಬಂದಿದ್ದೀರಿ?' ಅಂದರು. ಇನ್ನೊಬ್ಬರು ಎಸ್ಸೆಸ್ಸೆಲ್ಸಿಯಲ್ಲಿ ಅವನ ಮಾರ್ಕ್ಸ್ ಎಷ್ಟು ಅಂತ ಕೇಳಿದರು. ಕ್ಯಾನ್ಸರಿಗೂ ಮಾರ್ಕ್ಸಿಗೂ ಏನು ಸಂಬಂಧ? ಬದುಕಲು ಅರ್ಹತೆ ಇದೆಯೋ ಅಂತ ನೋಡ್ತಾ ಇದ್ದರು ಅಷ್ಟೆ. ಹಾಗಂತ ಎಲ್ಲರೂ ಹಾಗೆ ಅಂದರೆ ನಮ್ಮ ಮಾತು ಸುಳ್ಳಾಗುತ್ತೆ. ಅದೇ ಜಯನಗರದಲ್ಲಿ ಒಬ್ಬ ಅಜ್ಜಿ ಏನೂ ಕೇಳದೆ ಎರಡು ಸಾವಿರ ಮಡಿಚಿ ಹಾಕಿ, ನಮ್ಮ ಮುಖವನ್ನೂ ನೋಡದೆ ಹೊರಟುಹೋದರು.

ಬನಶಂಕರಿ ಗುಡಿಯ ಹತ್ತಿರ ಶುಕ್ರವಾರ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಸಾಲು ನಿಂತವರ ಮುಂದೆ ಡಬ್ಬಿ ಹಿಡಿದೆವು. ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಗೇಟಿನ ಒಳಗೇ ಬಿಡಲಿಲ್ಲ. ಯಾದಗಿರಿ ಕಡೆಯ ಸೆಕ್ಯೂರಿಟಿ ಅಣ್ಣ, 'ಒಳಗ ಬಿಡಾಕ ಬರಂಗಿಲ್ಲೋ ತಮ್ಮಾ, ಇದು ನನ್ನ ಕಡೀಂದ ಇಟ್ಕೋ' ಅಂತ ನೂರು ರೂಪಾಯಿ ಕೊಟ್ಟರು. ಬಿಟಿಎಂ ಲೇಔಟಿನಲ್ಲಿ ಬೆಳಗಿನ ಜಾವ ಕಸ ಗುಡಿಸುವ ಪೌರಕಾರ್ಮಿಕ ತಾಯಂದಿರು ತಮ್ಮೊಳಗೇ ಎತ್ತಿ 6,400 ರೂಪಾಯಿ ತಂದುಕೊಟ್ಟರು. ಬೈರಸಂದ್ರ, ತಾವರೆಕೆರೆ, ಮಡಿವಾಳ ಅನ್ನೋ ಮೂರು ಹಳ್ಳಿಗಳ ಮೊದಲಕ್ಷರ ಹಿಡಿದು ಬಿಟಿಎಂ ಅಂತ ಹೆಸರಾದ ಆ ಬಡಾವಣೆಯನ್ನು ದಿನಾ ಬೆಳಗ್ಗೆ ತೊಳೆದು ಕೊಡುವವರು ಅವರು. ಆ ನೋಟುಗಳಿಗೆ ಬ್ಲೀಚಿಂಗ್ ಪೌಡರಿನ ವಾಸನೆ ಇತ್ತು.

ನಾಲ್ಕನೇ ದಿನ ಅವನ ಅವ್ವ ಆ ಡಬ್ಬಿ ನೋಡಿದರು. ಅವರಿಗೆ ಓದಲು ಬರೋದಿಲ್ಲ. ಆದರೆ ಫೋಟೋ ಓದೋಕೆ ಅಕ್ಷರ ಬೇಕಾ? ನಮ್ಮನ್ನು ಬೈಯಲಿಲ್ಲ. ಮೆಲ್ಲಗೆ ಕೇಳಿದರು: 'ನನ್ ಮಗನ ಕಾಲ ಸಂತೇಲಿ ಇಟ್ಬುಟ್ರಾ ಕಂದ? ಅವನು ಎದ್ದು ಬಂದ್ಮ್ಯಾಲೆ ಇದೇ ಬೀದೀಲಿ ನಡೀಬೇಕಲ್ವಾ?'

ಗೆಳೆಯರೇ, ಆ ರಾತ್ರಿ ನಾವು ಉಣ್ಣಲಿಲ್ಲ. ನಮ್ಮ ಅಪ್ಪ ತಾತಂದಿರು ಗೌಡರ ಹಟ್ಟಿಯ ಮುಂದೆ ಸೆರಗೊಡ್ಡಿ ನಿಂತಿದ್ದನ್ನು ಬಯ್ದು ಪದ್ಯ ಬರೆದವರು ನಾವು. ಅದೇ ನಾವು ಗೆಳೆಯನ ಊದಿದ ಮಂಡಿಯನ್ನು ತೋರಿಸಿ ಅದೇ ಸೆರಗನ್ನು ಒಡ್ಡಿದ್ದೆವು. ಕಾಯಿಲೆಯವನ ನೋವನ್ನು ಚೆನ್ನಾಗಿ ತೋರಿಸಿದಷ್ಟೂ ದುಡ್ಡು ಹೆಚ್ಚು ಬರುತ್ತೆ. ಈಗ ಫೋನಿನೊಳಗೆ ನಡೆಯುವ ಚಂದಾ ವ್ಯಾಪಾರವೂ ಇದೇ. ಅಳುವ ತಾಯಿ, ಬೋಳುತಲೆಯ ಮಗು, ಕೆಳಗೆ ಓಡುವ ಅಂಕಿ. ನೋಡಲು ಚಂದ ಇರುವ ಮಗುವಿಗೆ ಬರುವ ದುಡ್ಡು ಕೇರಿಯ ಕಪ್ಪು ಹುಡುಗನಿಗೆ ಬರುತ್ತಾ? ದಯೆಗೂ ಒಂದು ಜಾತಿ ಇದೆ ಅಂತ ಡಬ್ಬಿ ಹಿಡಿದಾಗ ಗೊತ್ತಾಯಿತು.

ಬೆಳಗ್ಗೆ ಫೋಟೋ ಕಿತ್ತುಹಾಕಿದೆವು. ಡಬ್ಬಿ ಇಟ್ಟುಕೊಂಡೆವು. 'ನಮ್ಮ ಗೆಳೆಯನ ಚಿಕಿತ್ಸೆಗೆ ನಿಮ್ಮ ಪಾಲು' ಅಂತ ಮಾತ್ರ ಬರೆದೆವು. ಅವತ್ತಿನಿಂದ ಬಂದ ದುಡ್ಡು ಕಡಿಮೆ ಆಯಿತು. ಸುಳ್ಳು ಹೇಳೋದಿಲ್ಲ, ಅರ್ಧಕ್ಕರ್ಧ ಕಡಿಮೆ ಆಯಿತು. ಆದರೂ ಹಾಗೇ ನಡೆಸಿದೆವು.

ಆಗ ನಮಗೆ ಇಬ್ಬರು ನೆನಪಾದರು.

ಒಬ್ಬ ಕೆನಡಾದ ಹುಡುಗ, ಟೆರ್ರಿ ಫಾಕ್ಸ್. ನಮ್ಮ ಗೆಳೆಯನಿಗೆ ಬಂದ ಕಾಯಿಲೆಯೇ ಅವನಿಗೂ ಬಂತು, ಅದೇ ಬಲಗಾಲಿಗೆ. 1977ರಲ್ಲಿ, ಹದಿನೆಂಟನೇ ವಯಸ್ಸಿಗೆ, ಮಂಡಿಯ ಮೇಲೆ ಕಾಲು ತೆಗೆದರು. 1980ರ ಏಪ್ರಿಲ್ 12ರಂದು ಕೃತಕ ಕಾಲು ಹಾಕಿಕೊಂಡು ದೇಶದ ಪೂರ್ವದ ತುದಿಯಿಂದ ಓಡಲು ಹೊರಟ. 143 ದಿನ, 5,373 ಕಿಲೋಮೀಟರು. ಸೆಪ್ಟೆಂಬರ್ 1ರಂದು ಕ್ಯಾನ್ಸರು ಶ್ವಾಸಕೋಶಕ್ಕೆ ಬಂದು ಅವನನ್ನು ನಿಲ್ಲಿಸಿತು. 1981ರ ಜೂನ್ 28ರಂದು ಸತ್ತ, ಇಪ್ಪತ್ತೆರಡು ವಯಸ್ಸು. ಅವನು ಕೇಳಿದ್ದು ಕೆನಡಾದ ಪ್ರತಿಯೊಬ್ಬರಿಂದ ಒಂದು ಡಾಲರು. ಸಾಯುವ ಮೊದಲೇ ಎರಡು ಕೋಟಿ ನಲವತ್ತು ಲಕ್ಷ ಡಾಲರು ದಾಟಿತು, ಅಂದರೆ ತಲೆಗೆ ಒಂದು.

ಇಷ್ಟು ಎಲ್ಲರೂ ಹೇಳ್ತಾರೆ. ಹೇಳದೇ ಬಿಡುವ ಮಾತೊಂದಿದೆ. ಅವನು ಆ ದುಡ್ಡನ್ನು ಕೇಳಿದ್ದು ತನ್ನ ಆಸ್ಪತ್ರೆ ಬಿಲ್ಲಿಗಲ್ಲ, ಕ್ಯಾನ್ಸರ್ ಸಂಶೋಧನೆಗೆ. ಆ ದೇಶದಲ್ಲಿ 1972ರ ಹೊತ್ತಿಗೇ ಎಲ್ಲಾ ಪ್ರಾಂತ್ಯಗಳಲ್ಲೂ ಸರ್ಕಾರಿ ಆರೋಗ್ಯ ವಿಮೆ ಬಂದಿತ್ತು. ಕಾಲು ಕಳಕೊಂಡ ಮಗನ ಅಪ್ಪ ಟವೆಲ್ಲಿನ ಗಂಟು ಬಿಚ್ಚಬೇಕಾಗಿ ಬರಲಿಲ್ಲ. ಆದ್ದರಿಂದಲೇ ಆ ಹುಡುಗ ತಲೆಯೆತ್ತಿ ಕೇಳಿದ. ನಮ್ಮ ಹುಡುಗ ಫೋಟೋದಲ್ಲಿ ತಲೆತಗ್ಗಿಸಿದ್ದ.

ಇನ್ನೊಬ್ಬರು ಜೆ.ಪಿ. ನಗರದ ಹೆಸರಿನಲ್ಲೇ ಇದ್ದಾರೆ, ಜಯಪ್ರಕಾಶ ನಾರಾಯಣರು. ತುರ್ತುಪರಿಸ್ಥಿತಿಯ ಸೆರೆಯಲ್ಲಿ ಅವರ ಮೂತ್ರಪಿಂಡ ಕೆಟ್ಟಿತು. ಡಯಾಲಿಸಿಸ್ ಯಂತ್ರಕ್ಕೆ ಜನರಿಂದ ಚಂದಾ ಎತ್ತಿದರು. ಅವರನ್ನು ಸೆರೆಗೆ ಹಾಕಿದ್ದ ಪ್ರಧಾನಿ ಇಂದಿರಾ ಗಾಂಧಿಯವರೂ ಪ್ರಧಾನಿ ಪರಿಹಾರ ನಿಧಿಯಿಂದ 90,000 ರೂಪಾಯಿಯ ಚೆಕ್ಕು ಕಳಿಸಿದರು. ಜೆ.ಪಿ. ಅದನ್ನು ತೆಗೆದುಕೊಳ್ಳಲಿಲ್ಲ. ಜನರ ಪುಟ್ಟ ನೋಟು ಸಾಕು ಅಂದುಕೊಂಡರು. ಆಳುವವರ ದಯೆಯನ್ನು ಬೇಡ ಅನ್ನುವಷ್ಟು ಬಲ ಅವರಿಗೆ ಇತ್ತು. ನಮ್ಮ ಕೇರಿಯ ಅಪ್ಪನಿಗೆ ಆ ಬಲ ಇಲ್ಲ. ಅವನು ಸರ್ಕಾರದ ದುಡ್ಡು ಬೇಡ ಅನ್ನಬೇಕಾಗಿಯೂ ಇಲ್ಲ, ಯಾಕಂದರೆ ಅದು ದಯೆ ಅಲ್ಲ, ಅವನದೇ ದುಡ್ಡು.

ಈಗ ಲೆಕ್ಕ ಕೇಳಿ.

ಬಂದದ್ದು: ಮೂರು ಹಾಸ್ಟೆಲಿನ ವಿದ್ಯಾರ್ಥಿಗಳಿಂದ 18,350. ಬೀದಿಯ ಡಬ್ಬಿಯಿಂದ 21,720. ಪೌರಕಾರ್ಮಿಕ ತಾಯಂದಿರಿಂದ 6,400. ಮೇಷ್ಟ್ರುಗಳಿಂದ 15,500. ಒಟ್ಟು 61,970 ರೂಪಾಯಿ.

ಹೋದದ್ದು: ಹೊರಗೆ ಮಾಡಿಸಿದ ಪರೀಕ್ಷೆಗಳಿಗೆ 14,200. ಅಪ್ಪ ಅವ್ವ ಉಳಿಯಲು ಮೂರು ತಿಂಗಳ ಕೋಣೆ ಬಾಡಿಗೆ 18,000. ಊಟ, ಹಾಲು, ಮೊಟ್ಟೆ 11,350. ಬಸ್ಸು, ಆಟೋ 6,120. ಕೀಮೋ ನಡುವೆ ಜ್ವರ ಬಂದಾಗ ಹೊರಗೆ ತಂದ ಔಷಧಿ 7,900. ಒಟ್ಟು 57,570. ಉಳಿದದ್ದು 4,400, ಬ್ಯಾಂಕಿನಲ್ಲಿದೆ, ಚೀಟಿಗಳು ಈ ಫೈಲಿನಲ್ಲಿವೆ. ಯಾರು ಬೇಕಾದರೂ ನೋಡಬಹುದು.

ಈ ಲೆಕ್ಕದಲ್ಲಿ ಒಂದನ್ನು ಗಮನಿಸಿ. ಕೀಮೋ ಔಷಧಿಗೆ ಒಂದು ರೂಪಾಯಿ ಇಲ್ಲ. ಆಪರೇಷನ್ನಿಗೆ ಒಂದು ರೂಪಾಯಿ ಇಲ್ಲ. ಅವು ಸರ್ಕಾರದ ಆರೋಗ್ಯ ಕಾರ್ಡಿನ ಮೇಲೆ, ಸರ್ಕಾರಿ ಆಸ್ಪತ್ರೆಯಲ್ಲಿ ಆದವು. ನಾವು ನಾಲ್ಕೈದು ಲಕ್ಷ ಎತ್ತಬೇಕು ಅಂತ ಬೀದಿಯಲ್ಲಿ ಒದ್ದಾಡುತ್ತಿದ್ದಾಗ, ಆ ದುಡ್ಡು ಆಗಲೇ ಅವನ ಹೆಸರಿನಲ್ಲಿ ಇತ್ತು. ನಮಗೆ ಗೊತ್ತಿರಲಿಲ್ಲ. ಅವರಪ್ಪನಿಗೂ ಗೊತ್ತಿರಲಿಲ್ಲ.

ಗೊತ್ತಾದ ಮೇಲೂ ಹತ್ತೊಂಬತ್ತು ದಿನ ಹೋಯಿತು. ಯಾಕೆ? ರೇಷನ್ ಕಾರ್ಡಿನಲ್ಲಿ ಅವನ ಹೆಸರಿಗೆ ಇಂಗ್ಲಿಷಿನ ಎಚ್ ಅಕ್ಷರ ಒಂದು ಹೆಚ್ಚಿಗೆ ಇತ್ತು, ಆಧಾರಿನಲ್ಲಿ ಇರಲಿಲ್ಲ. ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸಿದರು. ಅಲ್ಲಿ ಸರ್ವರ್ ಡೌನ್. ಮಾರನೇ ದಿನ ಸಾಹೇಬರು ಮೀಟಿಂಗು. ಅವನಪ್ಪನ ಹೆಬ್ಬೆಟ್ಟು ಕೆಲಸ ಮಾಡಿ ಮಾಡಿ ಸವೆದಿದೆ, ಯಂತ್ರ ಅದನ್ನು ಗುರುತಿಸಲಿಲ್ಲ. ಮಣ್ಣು ಅಗೆದ ಕೈಯನ್ನು ಯಂತ್ರ ಮನುಷ್ಯನ ಕೈ ಅಂತ ಒಪ್ಪಲಿಲ್ಲ! ಆ ಹತ್ತೊಂಬತ್ತು ದಿನವೂ ಗಡ್ಡೆ ಬೆಳೆಯುತ್ತಲೇ ಇತ್ತು. ಅದಕ್ಕೆ ಎಚ್ ಅಕ್ಷರ ಬೇಕಿರಲಿಲ್ಲ.

ಈ ಕಾಯಿಲೆಯಲ್ಲಿ ಗಡ್ಡೆ ಇರುವ ಮೂಳೆಯಷ್ಟನ್ನೇ ತೆಗೆದು, ಲೋಹದ ಕೀಲು ಕೂಡಿಸಿ ಕಾಲು ಉಳಿಸುವ ಆಪರೇಷನ್ ಇದೆ. ಗಡ್ಡೆ ನರ ರಕ್ತನಾಳಗಳನ್ನು ಸುತ್ತಿಕೊಂಡರೆ ಅದು ಆಗೋದಿಲ್ಲ. ಆ ಕೀಲಿನ ಬೆಲೆ ಕೊಡಲಾಗದೆ ಕಾಲನ್ನೇ ಬಿಟ್ಟುಕೊಡುವವರೂ ಈ ದೇಶದಲ್ಲಿದ್ದಾರೆ. ನಮ್ಮ ಗೆಳೆಯನ ವಿಷಯದಲ್ಲಿ ಗಡ್ಡೆ ಸುತ್ತಿಕೊಂಡಿತ್ತು. ಕಾಲು ತೆಗೆದರು. ಎರಡು ತಿಂಗಳು ಮೊದಲೇ ಬಂದಿದ್ದರೆ ಕಾಲು ಉಳಿಯುತ್ತಿತ್ತಾ? ಡಾಕ್ಟರು ಹೇಳಲಿಲ್ಲ. ನಮಗೆ ಕೇಳುವ ಧೈರ್ಯ ಬರಲಿಲ್ಲ. ದುಡ್ಡಿನಲ್ಲಿ ಬರೆಯಲಾಗದ ಲೆಕ್ಕ ಅಂದೆವಲ್ಲ, ಅದು ಇದು. ಅಯೋಡೆಕ್ಸ್ ತಿಕ್ಕಿದ ನಮ್ಮ ಕೈ, 'ನಾಟಕ' ಅಂದ ನಮ್ಮ ಬಾಯಿ, ಡಬ್ಬಿ ಹಿಡಿದು ಕಳೆದ ನಮ್ಮ ದಿನಗಳು, ಎಲ್ಲಾ ಆ ಲೆಕ್ಕದಲ್ಲಿವೆ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದರು. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವಿರೋಧಾಭಾಸದೊಳಗೆ ನಾವು ಕಾಲಿಡುತ್ತಿದ್ದೇವೆ ಎಂಬರ್ಥದ ಮಾತು ಅದು. ತಮ್ಮ ಐದು ಮಕ್ಕಳಲ್ಲಿ ನಾಲ್ವರನ್ನು ಎಳೆವಯಸ್ಸಿನಲ್ಲೇ ಮಣ್ಣುಮಾಡಿದ ತಂದೆ ಅವರು. ಓಟು ಹಾಕುವಾಗ ನಮ್ಮ ಬೆರಳಿಗೂ ಅವರ ಬೆರಳಿಗೂ ಒಂದೇ ಶಾಯಿ. ಆಸ್ಪತ್ರೆಯಲ್ಲಿ ನಮ್ಮ ಕಾಲಿಗೊಂದು ಬೆಲೆ, ಅವರ ಕಾಲಿಗೊಂದು ಬೆಲೆ.

ಹಾಗಾದರೆ ಏನು ಮಾಡಬೇಕು? ಬರೀ ಕೂಗಿದರೆ ಸಾಲದು. ಮುಂದಿನ ಹುಡುಗನಿಗೋ ಹುಡುಗಿಗೋ ಇದು ಬಂದಾಗ ನಾವು ಮೊದಲ ದಿನವೇ ಮಾಡಬೇಕಾದ್ದನ್ನು ಬರೆದುಕೊಳ್ಳಿ.

ಒಂದು, ಹೊತ್ತು. ಪೆಟ್ಟು ಬಿದ್ದಿಲ್ಲ, ಆದರೂ ಮೂಳೆಯ ಮೇಲೆ ಊತ. ರಾತ್ರಿ ಹೆಚ್ಚಾಗುವ ನೋವು. ಎರಡು ಮೂರು ವಾರವಾದರೂ ಇಳಿಯುತ್ತಿಲ್ಲ. ಹೀಗಿದ್ದರೆ ನೀವಬೇಡಿ, ಕಟ್ಟು ಕಟ್ಟಿಸಬೇಡಿ, ಎಕ್ಸ್‌ರೇ ತೆಗೆಸಿ. ಹಾಸ್ಟೆಲಿನಲ್ಲಿ ಯಾರಾದರೂ ನೋವು ಅಂದರೆ ನಗಬೇಡಿ.

ಎರಡು, ಜಾಗ. ಡೇರಿ ಸರ್ಕಲಿನ ಹತ್ತಿರ, ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ಜಯನಗರದಿಂದಲೂ ಬಿಟಿಎಂನಿಂದಲೂ ದೂರವೇನಿಲ್ಲ. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹಮದ್ ಕಿದ್ವಾಯಿ ಅವರ ಹೆಸರಿನದು. 1973ರಲ್ಲಿ ಶುರುವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಖಾಸಗಿ ಕೌಂಟರಿಗೆ ಹೋಗಿ ಗಂಟು ಬಿಚ್ಚುವ ಮೊದಲು ಸರ್ಕಾರಿ ಬಾಗಿಲನ್ನು ತಟ್ಟಿ.

ಮೂರು, ಕಾಗದ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ್ದಕ್ಕೆ ಅಲ್ಲಿಂದಲೇ ರೆಫರಲ್ ಚೀಟಿ ಬರೆಸಿಕೊಂಡು ಬೇರೆ ಆಸ್ಪತ್ರೆಗೆ ಹೋಗಬೇಕು. ಈ ಪ್ಯಾಕೇಜಿನ ಪಟ್ಟಿಯಲ್ಲಿ ಇಲ್ಲದ ಚಿಕಿತ್ಸೆಗೆ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳ ಮೂಲಕ ನಡೆಯುವ, 2009ರಲ್ಲಿ ಶುರುವಾದ ಕೇಂದ್ರ ಆರೋಗ್ಯ ಮಂತ್ರಿಗಳ ಕ್ಯಾನ್ಸರ್ ರೋಗಿ ನಿಧಿಯನ್ನು ಕೇಳಿ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅಂಬೇಡ್ಕರ್ ಪ್ರತಿಷ್ಠಾನದ ವೈದ್ಯಕೀಯ ನೆರವು ಇದೆ. ಮುಖ್ಯಮಂತ್ರಿ ಪರಿಹಾರ ನಿಧಿ ಇದೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವವರಿಗೂ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ. ಇವಕ್ಕೆಲ್ಲ ಬೇಕಾಗೋದು ಆಸ್ಪತ್ರೆಯ ಖರ್ಚಿನ ಅಂದಾಜು ಪಟ್ಟಿ, ಜಾತಿ ಆದಾಯ ಪತ್ರ, ರೇಷನ್ ಕಾರ್ಡು, ಆಧಾರು. ಇವತ್ತು ರಾತ್ರಿಯೇ ನಿಮ್ಮ ಮನೆಯ ಕಾರ್ಡುಗಳನ್ನು ತೆಗೆದು ಹೆಸರಿನ ಅಕ್ಷರಗಳನ್ನು ಹೋಲಿಸಿ ನೋಡಿ. ಆರೋಗ್ಯವಾಗಿರುವಾಗ ತಿದ್ದಿಸಿಕೊಳ್ಳುವ ಅಕ್ಷರ, ಕಾಯಿಲೆಯಲ್ಲಿ ಕಾಲು ಉಳಿಸುತ್ತೆ. ಅಕ್ಷರ ಕಲಿತ ನಾವು ನಮ್ಮ ಜನಕ್ಕೆ ಕೊಡಬೇಕಾದ ಮೊದಲ ಚಂದಾ ಇದೇ. ಪದ್ಯ ಆಮೇಲೆ.

ನಾಲ್ಕು, ರಕ್ತ. ಕೀಮೋ ನಡೆಯುವಾಗ ರಕ್ತ ಬೇಕಾಗುತ್ತೆ, ಪ್ಲೇಟ್‌ಲೆಟ್ ಬೇಕಾಗುತ್ತೆ. ಹದಿನೆಂಟು ದಾಟಿದವರು ಹಾಸ್ಟೆಲಿನಲ್ಲಿ ಒಂದು ಪಟ್ಟಿ ಬರೆದಿಡಿ. ನಮ್ಮನ್ನು ಮುಟ್ಟದವರ ಮಕ್ಕಳಿಗೂ ನಮ್ಮ ರಕ್ತ ಹೋಗಲಿ, ಅದಕ್ಕೆ ಜಾತಿ ಗೊತ್ತಿಲ್ಲ.

ಐದು, ರೂಪಾಯಿ. ಡಬ್ಬಿ ಬೇಡ ಅಂತ ನಾವು ಹೇಳೋದಿಲ್ಲ. ಕಾರ್ಡು ಔಷಧಿ ಕೊಡುತ್ತೆ, ಮೊಟ್ಟೆ ಕೊಡೋದಿಲ್ಲ. ಅಪ್ಪನ ಹೋದ ಕೂಲಿ ಕೊಡೋದಿಲ್ಲ. ಆಸ್ಪತ್ರೆಯ ಹತ್ತಿರ ತಲೆಮೇಲೆ ಸೂರು ಕೊಡೋದಿಲ್ಲ. ಎಷ್ಟೋ ಮನೆಗಳು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹೋಗೋದು ಔಷಧಿ ಇಲ್ಲದೆ ಅಲ್ಲ, ಬಾಡಿಗೆ ಕಟ್ಟಲಾಗದೆ. ಆ ಸಂದನ್ನು ತುಂಬೋದು ನಮ್ಮ ಹತ್ತು ರೂಪಾಯಿ. ಆದರೆ ಫೋಟೋ ಬೇಡ, ಹೆಸರು ಬೇಡ, ಅಳು ಬೇಡ. ಲೆಕ್ಕ ಮಾತ್ರ ಬೇಕು.

ಆರು, ಪ್ರಶ್ನೆ. 2013ರಲ್ಲಿ ಈ ರಾಜ್ಯದಲ್ಲಿ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆ ಕಾಯ್ದೆ ಬಂತು. ನಮ್ಮ ಜನಸಂಖ್ಯೆಗೆ ತಕ್ಕ ಪಾಲು ನಮಗೇ ಖರ್ಚಾಗಬೇಕು ಅನ್ನುವ ಕಾಯ್ದೆ. ಆ ದುಡ್ಡನ್ನು ಬೇರೆ ಕೆಲಸಕ್ಕೆ ಬಳಸಲು ದಾರಿ ಮಾಡಿದ್ದ 7ಡಿ ಕಲಮನ್ನು ಹೋರಾಟದ ನಂತರ 2023ರಲ್ಲಿ ತೆಗೆದರು. ಈ ದುಡ್ಡಿನಲ್ಲಿ ನಮ್ಮವರ ಅಪರೂಪದ, ದುಬಾರಿ ಕಾಯಿಲೆಗಳಿಗೆ ಪ್ರತಿ ವರ್ಷ ಎಷ್ಟು ಎತ್ತಿಟ್ಟರು, ಎಷ್ಟು ಕೊಟ್ಟರು, ಎಷ್ಟು ದಿನಕ್ಕೆ ಕೊಟ್ಟರು? ಅಪರೂಪದ ಕಾಯಿಲೆಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನೀತಿ ತಂದು, ಮರುವರ್ಷ ನೆರವನ್ನು 50 ಲಕ್ಷಕ್ಕೆ ಏರಿಸಿತು. ಆದರೆ ಅದರ ಪಟ್ಟಿಯಲ್ಲಿರೋದು ಹೆಚ್ಚಾಗಿ ಹುಟ್ಟಿನಿಂದ ಬರುವ ಕಾಯಿಲೆಗಳು. ಅಪರೂಪದ ಕ್ಯಾನ್ಸರು ಬಂದವರು ಎಲ್ಲಿ ಹೋಗಬೇಕು? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಡಬ್ಬಿಗೆ ಹಾಕುವ ಹತ್ತು ರೂಪಾಯಿಯ ಜೊತೆ ಈ ಹತ್ತು ರೂಪಾಯಿಯೂ ಖರ್ಚಾಗಲಿ. ಮೊದಲನೆಯದು ಒಬ್ಬನಿಗೆ ಮೊಟ್ಟೆ, ಎರಡನೆಯದು ಎಲ್ಲರಿಗೂ ಉತ್ತರ.

ಗೆಳೆಯರೇ, ಇನ್ನೊಂದೇ ಮಾತು. ನಮ್ಮ ಗೆಳೆಯನ ಕೀಮೋ ಇನ್ನೂ ಮುಗಿದಿಲ್ಲ. ಕೂದಲು ಹೋಗಿದೆ, ಬಾಯಿ ತುಂಬಾ ಹುಣ್ಣು. ಮುಂದೆ ಏನಾಗುತ್ತೆ ಅಂತ ಯಾರೂ ಭರವಸೆ ಕೊಟ್ಟಿಲ್ಲ. ಮೊನ್ನೆ ನೋಡಲು ಹೋದಾಗ ಈ ಸಭೆಯ ವಿಷಯ ಹೇಳಿ, 'ನಿನ್ನ ಪರವಾಗಿ ಏನು ಹೇಳಲಿ?' ಅಂತ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ಹಾಸ್ಟೆಲ್ ಮೆಟ್ಟಿಲ ಪಕ್ಕ ಹಿಡ್ಕೊಳಾಕೆ ಒಂದು ಕಂಬಿ ಹಾಕ್ಸಿ ಅನ್ರೋ. ಸೆಮಿಸ್ಟರಿಗೆ ಬತ್ತೀನಿ' ಅಂದ.

ಅವನು ಕೇಳಿದ್ದು ಇಷ್ಟು. ಉಳಿದಿರುವ 4,400 ರೂಪಾಯಿಯನ್ನು ಅವನ ಮುಂದಿನ ಕೀಮೋ ದಿನಗಳ ಊಟಕ್ಕೆ ಇಟ್ಟಿದ್ದೇವೆ. ಕಂಬಿಯನ್ನು ಆ ದುಡ್ಡಿನಿಂದ ಹಾಕಿಸುವುದಿಲ್ಲ. ಅದನ್ನು ಹಾಕಿಸಬೇಕಾದ್ದು ಇಲಾಖೆ. ನಾಳೆ ಬೆಳಗ್ಗೆ ಹತ್ತು ಗಂಟೆಗೆ ಅರ್ಜಿ ಹಿಡಿದು ಹೋಗುತ್ತೇವೆ. ಜೊತೆಗೆ ಬರುವವರು ಈಗಲೇ ಹೆಸರು ಕೊಡಿ.

ಜೈ ಭೀಮ್.